ಅಣ್ಣನ ಕಂಪ್ಯೂಟರು, ಕಿರವತ್ತಿಯ ಎಮ್ಮೆ

ಬದಿಯ ತಗಡು ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ಊದುಬತ್ತಿಯ ವಾಸನೆ. ಅಣ್ಣನ ಕಂಪ್ಯೂಟರು ಇರುವುದು ಯಲ್ಲಾಪುರದಲ್ಲಿ, ಹೆದ್ದಾರಿಗೆ ಮುಖ ಮಾಡಿದ ಮನೆಯ ಮುಂದಿನ ಕೋಣೆಯಲ್ಲಿ, ದೇವರ ಪಟಗಳ ಕೆಳಗೆ. ಮರದ ನಾಟಾ ಹೇರಿದ ಲಾರಿಗಳು ಎಬ್ಬಿಸುವ ಧೂಳು ಕಿಟಕಿಯಿಂದ ಬರುತ್ತದೆ, ಊದುಬತ್ತಿಯ ಹೊಗೆ ಮೇಲಿನಿಂದ ಇಳಿಯುತ್ತದೆ. ಎರಡೂ ಸೇರಿ ಫ್ಯಾನಿನ ರೆಕ್ಕೆಗಳಿಗೆ ಕಪ್ಪು ಜಿಡ್ಡಾಗಿ ಮೆತ್ತಿಕೊಳ್ಳುತ್ತವೆ. ಬರಿಯ ಧೂಳಾದರೆ ಊದಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ರೆಕ್ಕೆ ರೆಕ್ಕೆಯನ್ನೂ ತಿಕ್ಕಬೇಕು. ಒಮ್ಮೆ ಕಣಜದ ಹುಳು ಹಿಂಬದಿಯ ಕಿಂಡಿಯೊಳಗೆ ಮಣ್ಣಿನ ಗೂಡು ಕಟ್ಟಿ, ಒಳಗೆ ಮರಿಗೆಂದು ಹಸಿರು ಕಂಬಳಿಹುಳುವನ್ನು ಇಟ್ಟು, ಬಾಯಿ ಮುಚ್ಚಿ ಹೋಗಿತ್ತು. ಕಂಪ್ಯೂಟರು ಯಾಕೆ ಬಿಸಿಯಾಗುತ್ತಿದೆ ಎಂದು ಎರಡು ಬಾರಿ ಶಿರಸಿಯಿಂದ ಬಂದು ಹೋದ ಮೇಲೆ ಅದು ನನಗೆ ಕಂಡಿದ್ದು.

ನಾನು ಶಿರಸಿಯಲ್ಲಿರುತ್ತೇನೆ. ತಿಂಗಳಿಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಒಂದು ಚೀಲ ಹಿಡಿದು ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋಗುತ್ತೇನೆ. ಚೀಲದಲ್ಲಿ ಸ್ಕ್ರೂಡ್ರೈವರು, ಬಣ್ಣ ಹೊಡೆಯುವ ಅಗಲ ಬ್ರಶ್ಶು, ಪ್ರೊಸೆಸರಿಗೆ ಸವರುವ ಬಿಳಿ ಪೇಸ್ಟು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು. ಮೆಮೊರಿಯ ಪಟ್ಟಿಯನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಆ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ, ಸತ್ತ ಹಾಗಿದ್ದ ಯಂತ್ರ ಎಷ್ಟೋ ಸಲ ಎದ್ದು ಕೂತಿದೆ. ಹೀಗೇಕೆ ಆಗುತ್ತದೆ ಎಂದು ನಾನು ವಿವರಿಸಬಲ್ಲೆ. ಆದರೆ ಕೇಳುವವರಿಲ್ಲ.

ಹೊಸದನ್ನು ಯಾಕೆ ಕೊಳ್ಳಬಾರದು ಎಂದು ಯಾರಾದರೂ ಕೇಳಬಹುದು. ನಾನೇ ಕೇಳಿದ್ದೇನೆ. ಅಣ್ಣ ಜಾತಕ ಬರೆಯುವವನು, ಪ್ರಶ್ನೆ ನೋಡುವವನು. ಅವನ ಜಾತಕದ ಪ್ರೋಗ್ರಾಮು ಒಂದು ಹೆಬ್ಬೆರಳ ಗಾತ್ರದ ಕೀಲಿಯ ಜೊತೆ ಬಂದದ್ದು. ಕಂಪ್ಯೂಟರಿನ ಹಿಂದೆ ಪ್ರಿಂಟರು ಜೋಡಿಸುವ ಕಿಂಡಿಗೆ ಆ ಕೀಲಿ ಸಿಕ್ಕಿಸಿದ್ದರೆ ಮಾತ್ರ ಪ್ರೋಗ್ರಾಮು ತೆರೆಯುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇಲ್ಲ. ಮಾರಿದವರು ಹುಬ್ಬಳ್ಳಿಯಲ್ಲಿ ಅಂಗಡಿ ಮುಚ್ಚಿ ಎಲ್ಲಿಗೆ ಹೋದರೋ ಗೊತ್ತಿಲ್ಲ. ಇದೆಲ್ಲ ಫೋನಿನಲ್ಲೇ ಆಗುತ್ತದೆ ಎಂದು ಹೇಳಿ ನೋಡಿದೆ. "ಅದರ ಪಂಚಾಂಗ ಬೇರೆ ತಮಾ," ಎಂದು ಅಣ್ಣ ಮಾತು ಮುಗಿಸಿದ.

ಹಾಗಾಗಿ ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಪುಣೆ, ಮೈಸೂರು, ಪಣಜಿ ಎಂದು ಎಲ್ಲಿಯೂ ನೆಲೆ ನಿಲ್ಲದೆ ತಿರುಗಿ, ಕೊನೆಗೆ ಶಿರಸಿಯಲ್ಲಿ ಹುಡುಗರಿಗೆ ಪಾಠ ಹೇಳಿ ಸುಸ್ತಾದ ನಾನು, ಗ್ರಹಗಳಿಗೂ ಮನುಷ್ಯರಿಗೂ ಸಂಬಂಧವಿಲ್ಲ ಎಂದು ನಂಬಿರುವ ನಾನು, ಜಾತಕದ ಯಂತ್ರವೊಂದರ ಉಸಿರು ಹಿಡಿದು ಕೂತಿದ್ದೇನೆ. ನಾನು ಹೋಗುವುದನ್ನು ನಿಲ್ಲಿಸಿದರೆ ಅದು ಒಂದು ಮಳೆಗಾಲ ದಾಟಲಿಕ್ಕಿಲ್ಲ. ಈ ಯೋಚನೆ ನನಗೆ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ.

ಅದನ್ನು ಚುರುಕಾಗಿ ಇಡುವ ಉಪಾಯಗಳೂ ಮುಗಿಯುತ್ತ ಬಂದಿವೆ. ಬೇಡದ ಪ್ರೋಗ್ರಾಮುಗಳನ್ನೆಲ್ಲ ತೆಗೆದಾಯಿತು. ತಾನಾಗಿ ಏಳುತ್ತಿದ್ದವನ್ನು ಮಲಗಿಸಿದ್ದಾಯಿತು. ಪರದೆಯ ಮೇಲಿದ್ದ ಗಣಪತಿಯ ಚಿತ್ರವನ್ನು ಕೂಡ ತೆಗೆದು ಬರಿಯ ನೀಲಿ ಬಣ್ಣ ಹಾಕಿದೆ. ಅತ್ತಿಗೆ ಅದನ್ನು ಒಂದು ವಾರ ನೋಡಿದಳು, ಮತ್ತೆ ಗಣಪತಿ ಬಂದ. ಇಂಟರ್ನೆಟ್ಟು ಜೋಡಿಸಿಲ್ಲ. ಜೋಡಿಸಿದರೆ ಅದು ಏನೇನನ್ನೋ ತರಿಸಿಕೊಳ್ಳಲು ಹೋಗಿ ಅರ್ಧ ದಿನ ಏದುಸಿರು ಬಿಡುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಾಟ ಗಡಿಯಾರದ್ದು. ಕಂಪ್ಯೂಟರನ್ನು ಆರಿಸಿದಾಗಲೂ ಅದರ ಗಡಿಯಾರ ನಡೆಯುವುದಕ್ಕೆ ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಈ ಯಂತ್ರದಲ್ಲಿ ಸೆಲ್ ಕೂರುವ ಜಾಗವೇ ಕಿಲುಬು ಹಿಡಿದಿದೆ. ಹೊಸ ಸೆಲ್ ಹಾಕಿದರೆ ಕೆಲವು ವಾರ ಸರಿ, ಆಮೇಲೆ ಆರಿಸಿದಷ್ಟು ಹೊತ್ತೂ ಗಡಿಯಾರ ನಿಂತುಬಿಡುತ್ತದೆ. ರಾತ್ರಿ ಊಟಕ್ಕೆ ಮುಂಚೆ ಆರಿಸಿ ಬೆಳಿಗ್ಗೆ ಹಚ್ಚಿದರೆ ಯಂತ್ರಕ್ಕೆ ಇನ್ನೂ ನಿನ್ನೆಯ ರಾತ್ರಿಯೇ. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅತ್ತಿಗೆ ಕಂಪ್ಯೂಟರು ಹಚ್ಚಿ, ಗೋಡೆಯ ಗಡಿಯಾರ ನೋಡಿ ಅದರ ವೇಳೆ ಸರಿಮಾಡುತ್ತಾಳೆ. ಅಣ್ಣನಿಗೆ ಅದು ಸಾಧ್ಯವಿಲ್ಲ. ಅವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಪರದೆಯ ಮೂಲೆಯ ಸಣ್ಣ ಅಂಕಿ ಇರಲಿ, ಪರದೆಯ ನಡುವಿನ ಕುಂಡಲಿಯೂ ಅವನಿಗೆ ಕಾಣದು. ಅತ್ತಿಗೆ ಓದುತ್ತಾಳೆ, ಅವನು ಕಣ್ಣು ಮುಚ್ಚಿ ಕೇಳುತ್ತಾನೆ.

ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಒಳಗಿನ ನರಕ್ಕೆ ಪೆಟ್ಟು ಎಂದು ಶಿರಸಿಯ ಕಣ್ಣಿನ ಡಾಕ್ಟರು ಹೇಳಿದ್ದರು. ಹೋಗಿ ದಿನ ಗೊತ್ತುಮಾಡಿ ಬಂದವನು ನಾನು. ಅಣ್ಣ ಈಗ ಹೆದ್ದಾರಿ ದಾಟುವುದು ಲಾರಿಯ ಸದ್ದು ಕೇಳಿಕೊಂಡು. ಅವನು ಹಾಲು ತರಲು ಹೊರಟರೆ ಅತ್ತಿಗೆ ಬಾಗಿಲಲ್ಲಿ ನಿಂತು, ಅವನು ಆಚೆ ದಡ ಮುಟ್ಟುವವರೆಗೆ ಉಸಿರು ಹಿಡಿದಿರುತ್ತಾಳೆ.

ಇಷ್ಟು ಹೇಳಿದವನು ನನ್ನ ನೆನಪಿನ ಬಗ್ಗೆಯೂ ಹೇಳಬೇಕು. ಒಂದು ಸಲ ಈ ಯಂತ್ರದ ತಗಡು ಒರೆಸುತ್ತ, "ಇದನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವಾಗ ಮಾನಿಟರು ನನ್ನ ತೊಡೆ ಮೇಲಿತ್ತು," ಎಂದೆ. ಕಿಟಕಿಯ ಗಾಳಿ, ಮುಂದಿನ ಸೀಟಿನ ಹೆಂಗಸಿನ ಮಲ್ಲಿಗೆ, ಪೆಟ್ಟಿಗೆಯ ಅಂಚು ಒತ್ತಿ ಕಾಲು ಜೋಮು ಹಿಡಿದದ್ದು, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ.

ಅತ್ತಿಗೆ ನಕ್ಕಳು. "ಯಾರ ತೊಡೆ? ನೀ ಆವಾಗ ಪುಣೆಲಿದ್ದೆ. ಮಾನಿಟರು ಹೊತ್ತದ್ದು ಆನು. ಕಾಲು ಜೋಮು ಹಿಡಿದದ್ದೂ ಎಂಗೇ. ಬಂದವಕ್ಕೆಲ್ಲ ಅದನ್ನ ಹೇಳಿ ನಗಿಸಿದ್ದೂ ಆನೇ."

"ಮಲ್ಲಿಗೆ?"

"ಮಲ್ಲಿಗೆ ಇತ್ತಿಲ್ಲೆ. ಅದನ್ನ ನೀ ಮುಡಿಸಿದ್ದು."

ಅಂದರೆ ಅವಳ ಕಾಲಿನ ಜೋಮನ್ನು ನಾನು ಇಷ್ಟು ವರ್ಷ ನನ್ನದೆಂದು ಇಟ್ಟುಕೊಂಡಿದ್ದೆ. ಅವಳು ಹೆಗ್ಗರಣೆಯ ಕಡೆಯವಳು, ಕಥೆ ಕಟ್ಟಿ ಹೇಳುವವರ ಊರು. ಸುಳ್ಳು ಹೇಳುವುದಾದರೆ ಇನ್ನೂ ಚೆಂದವಾಗಿ ಹೇಳುತ್ತಿದ್ದಳು. ಆದ್ದರಿಂದ ಇದು ನಿಜವೇ ಇರಬೇಕು. ಅಂದಿನಿಂದ ಯಾವುದನ್ನೇ ಆಗಲಿ 'ನಾನು ಕಂಡೆ' ಎಂದು ಹೇಳುವ ಮೊದಲು ನನ್ನ ನಾಲಿಗೆ ತಡವರಿಸುತ್ತದೆ.

ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ನಾನು ಹೋದಾಗ ಅತ್ತಿಗೆ ಅಂಗಳ ಗುಡಿಸುತ್ತಿದ್ದಳು.

"ಬಂದ್ಯ? ನಿನ್ನ ರೋಗಿ ಒಳಗಿದ್ದು. ನಿನ್ನೆಯಿಂದ ದಮ್ಮು ಹತ್ತಿದ ಹಂಗೆ ಸದ್ದು ಮಾಡ್ತಾ ಇದ್ದು."

ಅವಳು ಕಂಪ್ಯೂಟರನ್ನು ಹಚ್ಚುವ ಮೊದಲೇ ನಾನು ಅದನ್ನು ಜಗುಲಿಗೆ ಎತ್ತಿಕೊಂಡು ಬಂದು ಬಿಚ್ಚಿದೆ. ಫ್ಯಾನಿನ ಜಿಡ್ಡು ತಿಕ್ಕಿ, ಹಳೆಯ ಪೇಸ್ಟು ಕೆರೆದು ಹೊಸದು ಸವರಿ, ರಬ್ಬರಿನ ಕೆಲಸ ಮುಗಿಸಿ ಒಳಗೆ ಜೋಡಿಸಿ ಹಚ್ಚಿದೆ. ಸದ್ದು ಇಳಿದಿತ್ತು. ಕೈ ತೊಳೆಯಲು ಬಚ್ಚಲಿಗೆ ಹೋದೆ. ಆ ಕಪ್ಪು ಸುಲಭಕ್ಕೆ ಬಿಡುವುದಿಲ್ಲ. ಹತ್ತು ಗಂಟೆಯ ಸುಮಾರಿಗೆ ನಾನು ತಿರುಗಿ ಬರುವಷ್ಟರಲ್ಲಿ ಅಣ್ಣ ಮಣೆಯ ಮೇಲೆ ಕೂತಿದ್ದ, ಅತ್ತಿಗೆ ಪರದೆಯ ಮುಂದೆ ಇದ್ದಳು, ಎದುರಿಗೆ ಕಿರವತ್ತಿಯ ಒಬ್ಬ ಹೆಂಗಸು ಕೂತಿದ್ದಳು. ರಸ್ತೆ ಬದಿಯಲ್ಲಿ ಡಾಬಾ ಇಟ್ಟುಕೊಂಡ ಒಕ್ಕಲು ಮನೆಯವಳು.

"ಮೊನ್ನಿಂದ ಎಮ್ಮಿ ಇಲ್ರಿ ಭಟ್ರ. ಕರಾ ಒಂದೇ ಸಮ ಒದರ್ತೈತಿ. ಹೈವೇಕ ಹೋಗಿ ಲಾರಿಗೆ ಸಿಕ್ತೋ ಏನೋ ಅಂತ ಜೀವಾ ಹೊಡ್ಕೊಳ್ಳಾಕತ್ತೈತ್ರಿ."

ಪ್ರಶ್ನೆ ಎಂದರೆ ಇದು: ಕೇಳಿದ ಗಳಿಗೆಯಲ್ಲಿ ಪೂರ್ವದ ಅಂಚಿನಲ್ಲಿ ಯಾವ ರಾಶಿ ಏಳುತ್ತಿದೆಯೋ ಅದು ಲಗ್ನ. ಸುಮಾರು ಎರಡು ಗಂಟೆಗೊಮ್ಮೆ ಲಗ್ನ ಬದಲಾಗುತ್ತದೆ. ಒಂದೊಂದು ರಾಶಿಗೂ ಒಂದು ದಿಕ್ಕು ಇದೆ. ಪ್ರೋಗ್ರಾಮು ಗಳಿಗೆಯನ್ನು ಕಂಪ್ಯೂಟರಿನ ಗಡಿಯಾರದಿಂದಲೇ ತೆಗೆದುಕೊಳ್ಳುತ್ತದೆ. ಅತ್ತಿಗೆ ಓದಿದಳು, ಅಣ್ಣ ಕೇಳಿಸಿಕೊಂಡು, "ಸಿಗ್ತದೆ ತಾಯಿ. ಉತ್ತರ ದಿಕ್ಕಿಗೆ ಹುಡುಕು, ನೀರಿನ ಹತ್ತಿರ," ಎಂದ. ಬೇಸಿಗೆಯಲ್ಲಿ ಎಮ್ಮೆ ನೀರಿನ ಹತ್ತಿರ ಅಲ್ಲದೆ ಇನ್ನೆಲ್ಲಿ ಇರುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಕೈಮುಗಿದು ಹೋದಳು.

ಅವಳು ಹೋದ ಮೇಲೆ ಅಣ್ಣ, "ಇನ್ನೊಂದು ಕುಂಡಲಿ ತೆಗೆ," ಎಂದು ಅತ್ತಿಗೆಗೆ ಹೇಳಿದ. ಪ್ರಶ್ನೆ ಏನೆಂದು ಬಾಯಿಬಿಟ್ಟು ಹೇಳಲಿಲ್ಲ. ಅವಳು ಓದಿದಳು. ಅವನು ಕೇಳಿಸಿಕೊಂಡು ಎದ್ದುಹೋದ. ಆಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತೆ. ಮೂಲೆಯಲ್ಲಿ ಹಿಂದಿನ ದಿನದ ತಾರೀಕು, ರಾತ್ರಿ ಒಂಬತ್ತರ ವೇಳೆ. ಯಾರಿಗೂ ಹೇಳುವಂಥದ್ದು ಅನಿಸದೆ ಸರಿಮಾಡಿದೆ. ಕಾಫಿ ಕುಡಿದು ಬಸ್ಸು ಹಿಡಿದೆ.

ಹೀಗೆಂದು ನನಗೆ ನೆನಪು.

ಒಂದು ವಾರ ಬಿಟ್ಟು, ಆಸ್ಪತ್ರೆಯ ದಿನ ಹತ್ತಿರ ಬಂತೆಂದು ಅವನನ್ನು ಕರೆತರಲು ಹೋದೆ. ಅಣ್ಣ ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ, ಕಣ್ಣಿಲ್ಲದೆಯೂ ತಪ್ಪದ ಕೈ.

"ಈಗ ಬ್ಯಾಡ ತಮಾ. ಪ್ರಶ್ನೆ ಇಟ್ಟು ನೋಡಿದ್ದೆ. ಕಣ್ಣಿಗೆ ಶಸ್ತ್ರ ತಾಗಲಾಗ ಹೇಳಿ ಬಂತು. ದೀಪಾವಳಿ ಕಳೀಲಿ."

"ಡಾಕ್ಟರು ತಡಮಾಡಲಾಗ ಹೇಳಿದ್ದ."

"ಡಾಕ್ಟರು ಪ್ರಶ್ನೆ ಇಟ್ಟಿದ್ನ?"

ಅತ್ತಿಗೆ ಒಳಗಿನಿಂದ, "ಹಂಗೇ ಇರಿ. ಲಾರಿ ಬಂದಾಗ ಅದರ ಹತ್ರವೂ ದೀಪಾವಳಿ ಕಳೀಲಿ ಹೇಳಿ," ಎಂದಳು.

ಯಾವಾಗ ಪ್ರಶ್ನೆ ಇಟ್ಟದ್ದು ಎಂದು ಕೇಳಿದೆ. ಎಮ್ಮೆಯ ಹೆಂಗಸು ಬಂದ ದಿನ, ಅವಳ ಹಿಂದೆಯೇ. ಆಗ ನನಗೆ ಪರದೆಯ ಮೂಲೆ ನೆನಪಾಯಿತು. ಅಂದು ಗಡಿಯಾರ ಹಿಂದಿನ ರಾತ್ರಿಯ ವೇಳೆಯನ್ನೇ ತೋರಿಸುತ್ತಿತ್ತು ಎಂದು ಹೇಳಿದೆ. ಅಣ್ಣನ ಕೈಯ ಅಡಕತ್ತಿ ನಿಂತಿತು.

ಅತ್ತಿಗೆ ಹೊರಗೆ ಬಂದಳು. "ಉಳಿದ ದಿನ ಆನು ತಪ್ಪಸ್ತಿಲ್ಲೆ. ಅವತ್ತು ಹಚ್ಚಿದ್ದು ನೀನು. ನೀ ಸರಿ ಮಾಡಿಕ್ಕೇ ಕೈ ತೊಳೆಯಲೆ ಹೋದೆ ಹೇಳಿ ಆನು ಅಂದ್ಕಂಡೆ."

ಅಣ್ಣ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದ. "ನೀ ಕಣ್ಣಾರೆ ನೋಡಿದ್ದ್ಯ? ನೋಡಿದ್ದು ಹೌದಾದ್ರೆ ಆ ಪ್ರಶ್ನೆ ಲೆಕ್ಕಕ್ಕಿಲ್ಲೆ. ಆನು ಆಸ್ಪತ್ರೆಗೆ ಬತ್ತೆ. ಹೌದು ಹೇಳು, ಇಲ್ದಿದ್ರೆ ಇಲ್ಲೆ ಹೇಳು."

ಒಂದು ಶಬ್ದ ಸಾಕಿತ್ತು. ಅವನ ಮುಂದೆ ಕೂತವರಿಗೆ ಅವನು ದಿನಾ ಅಂಥ ಒಂದು ಶಬ್ದ ಕೊಡುತ್ತಾನೆ. ಬಸ್ಸಿನ ಮಲ್ಲಿಗೆಯಷ್ಟೇ ಸ್ಪಷ್ಟವಾಗಿ ಆ ಅಂಕಿಗಳು ನನ್ನ ಕಣ್ಣ ಮುಂದಿದ್ದವು. ತೊಂದರೆ ಇದ್ದದ್ದೇ ಅಲ್ಲಿ. ಅವನ ಕಣ್ಣು ಉಳಿಯಲಿ ಎಂದು ನಾನು ಬಯಸುತ್ತಿದ್ದೆ, ಅವನ ಶಾಸ್ತ್ರ ಸುಳ್ಳಾಗಲಿ ಎಂದೂ ಬಹುಶಃ ಬಯಸುತ್ತಿದ್ದೆ. ಇಷ್ಟು ಬಯಸುವವನ ನೆನಪನ್ನು ಯಾವ ಪರೀಕ್ಷಕನೂ ಒಪ್ಪಲಾರ.

"ನೋಡಿದ ಹಂಗೆ ನೆನಪು," ಎಂದೆ.

"ಹಂಗೆ ಅಂದ್ರೆ?"

ನಾನು ನೆಲಕ್ಕೆ ಬಿದ್ದ ಅಡಿಕೆಯ ಹೋಳೊಂದನ್ನು ಹೆಕ್ಕಿದೆ. ಅವನು ಮತ್ತೆ ಅಡಿಕೆ ಕೈಗೆತ್ತಿಕೊಂಡ. ಅವನು ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಗಿರಲಿಲ್ಲ. ಮುಖ ಇಳಿದಿತ್ತು ಅಷ್ಟೇ.

"ಎಮ್ಮೆ ಕೇಳನ," ಎಂದಳು ಅತ್ತಿಗೆ. "ಅದೇ ಗಡಿಯಾರ, ಅದೇ ಹೊತ್ತು. ಎಮ್ಮೆ ಎಲ್ಲಿ ಸಿಕ್ತು ಹೇಳಿ ಕೇಳಿದ್ರೆ ಗೊತ್ತಾಗ್ತಿಲ್ಯ?"

ಎಂ.ಎಸ್ಸಿ. ಮಾಡಿದವನಿಗೆ ಇದು ಹೊಳೆಯಬೇಕಾಗಿರಲಿಲ್ಲ, ಯಾಕೆಂದರೆ ಇದು ಪುರಾವೆಯೇ ಅಲ್ಲ. ಆದರೂ ಅತ್ತಿಗೆ ಬರೆದಿಟ್ಟಿದ್ದ ನಂಬರು ನೋಡಿ ಆ ಹೆಂಗಸಿಗೆ ಫೋನ್ ಹಚ್ಚಿದವನು ನಾನೇ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಎಮ್ಮೆ ಸಿಕ್ತಾ ತಾಯಿ?" ಎಂದು ಅಣ್ಣ ಕೇಳಿದ.

"ಅಯ್ಯ, ಅವತ್ತ ಸಂಜಿಗೇ ಸಿಕ್ತ್ರಿ ಭಟ್ರ. ನೀವು ಹೇಳಿದಂಗ ಆತ್ರಿ. ಬಂದ ಹೇಳ್ಬೇಕಂದ್ರ ಡಾಬಾದ ಕೆಲಸಾ ಬಿಡಂಗಿಲ್ರಿ."

ಅಣ್ಣ ತಲೆಯಾಡಿಸಿದ. "ಕೇಳ್ದ್ಯ? ಹೇಳಿದ ಹಂಗೆ ಆಜು. ಹಂಗಾರೆ ಗಡಿಯಾರ ಸರಿ ಇತ್ತು." ಅವನ ದನಿಯಲ್ಲಿ ಗೆಲುವಿರಲಿಲ್ಲ. ಪ್ರಶ್ನೆ ಉಳಿದುಕೊಂಡಿತು, ಅಂದರೆ ದೀಪಾವಳಿಯವರೆಗೆ ಕತ್ತಲೆ. ಅದು ಅವನಿಗೂ ಗೊತ್ತಿತ್ತು.

ನಾನು ಫೋನಿಗೆ ಬಾಗಿದೆ. "ಅಕ್ಕಾ, ಯಾವ ದಿಕ್ಕಿಗೆ ಸಿಕ್ಕಿತು?"

"ಕೆರಿ ದಂಡ್ಯಾಗ್ರಿ."

"ಕೆರೆ ನಿಮ್ಮ ಮನೆಯಿಂದ ಯಾವ ಕಡೆ?"

"ಈ ಕಡೀಗ್ರಿ."

ಅವಳು ಅಲ್ಲಿ ಕೈ ಮಾಡಿ ತೋರಿಸಿರಬೇಕು. ಅತ್ತಿಗೆ ಸೆರಗು ಬಾಯಿಗೆ ಹಿಡಿದಳು.

"ಹೊತ್ತು ಮುಳುಗುವುದು ಕೆರೆಯ ಕಡೆಗೋ?"

"ಹೌದ್ರಿ. ಸಂಜಿಕ ಬಿಸಲು ಕೆರಿ ಮ್ಯಾಲಿಂದ ಮಾರಿಗೇ ಹೊಡೀತೈತಿ."

"ಭಟ್ಟರು ಉತ್ತರ ಅಂದಿದ್ದರಲ್ಲ?"

"ಅಂದಿದ್ರಿ. ಆ ಕಡೆ ಹುಡುಕಿದ್ವಿ, ಸಿಗಲಿಲ್ಲ. ಆಮ್ಯಾಲ ಕೆರಿಗೆ ಹೋದ್ವಿ."

"ಮತ್ತೆ ಹೇಳಿದ ಹಾಗೆ ಆಯಿತು ಅಂದಿರಿ?"

"ಸಿಗತೈತಿ ಅಂದಿದ್ರಲ್ರಿ. ಸಿಕ್ತು," ಎಂದಳು ಅವಳು. ಇಷ್ಟು ಸರಳವಾದದ್ದು ಇವನಿಗೇಕೆ ತಿಳಿಯುವುದಿಲ್ಲ ಎಂಬ ದನಿ.

ಫೋನ್ ಇಟ್ಟ ಮೇಲೆ ಅಣ್ಣ ಅಡಕತ್ತಿಯನ್ನು ಬದಿಗಿಟ್ಟ. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ನಡೆಯತೊಡಗಿತು. ಕಂಪ್ಯೂಟರು ಬರುವ ಮೊದಲು ಅವನು ಹೀಗೆ ಎಣಿಸುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಸೂರ್ಯ ಮೇಷದಲ್ಲಿ, ಉದಯಕ್ಕೆ ಮೇಷ, ಆಮೇಲೆ ವೃಷಭ ಎಂದು ತುಟಿ ಅಲ್ಲಾಡುತ್ತಿತ್ತು.

"ಹತ್ತು ಗಂಟೆಗೆ ಮಿಥುನ," ಎಂದ. "ಮಿಥುನಕ್ಕೆ ಪಶ್ಚಿಮ."

ಹೊರಗೆ ಒಂದು ಲಾರಿ ಗೇರು ಬದಲಿಸಿತು.

"ನಿನ್ನ ನೆನಪು ಸರಿ ಇದ್ದು ತಮಾ. ಶಾಸ್ತ್ರವೂ ಸರಿ ಇದ್ದು. ಆ ಡಬ್ಬಿ ಸುಳ್ಳು ಹೇಳಿದ್ದು." ಆಮೇಲೆ ದನಿ ತಗ್ಗಿಸಿ, "ವೃಶ್ಚಿಕ ಹೇಳಿ ನಿನ್ನತ್ತಿಗೆ ಓದಿರವು. ಅದು ಈಗ ರಾತ್ರಿ ಏಳುವ ರಾಶಿ, ಬೆಳಗಾ ಮುಂಚೆ ಬತ್ತಿಲ್ಲೆ. ಆನು ಸುಮ್ಮನೆ ಕೇಳ್ಕಂಡು ಕೂತೆ," ಎಂದ. ಅದರಿಂದ ಅವನಿಗೆ ಹೆಚ್ಚು ನೋವಾದಂತೆ ಕಂಡಿತು. ಆಮೇಲೆ ಮಿಥುನ ಹಿಡಿದು ತನ್ನ ಪ್ರಶ್ನೆಯನ್ನು ಬೆರಳಲ್ಲೇ ನೋಡಿದ. "ಶಸ್ತ್ರಕ್ಕೆ ಅಡ್ಡಿ ಇಲ್ಲೆ. ಹೋಪನ."

ನಾನು ಹೇಳಬಹುದಿತ್ತು. ನಾಲ್ಕು ದಿಕ್ಕಿನಲ್ಲಿ ಒಂದು ತಾಳೆಯಾಗುವುದು ದೊಡ್ಡ ವಿಷಯವಲ್ಲ, ಎಮ್ಮೆ ಪಶ್ಚಿಮಕ್ಕೆ ಹೋದದ್ದು ಕೆರೆ ಅಲ್ಲಿದ್ದುದರಿಂದ, ಮಿಥುನಕ್ಕೂ ಅದಕ್ಕೂ ಏನೂ ಇಲ್ಲ. ಈ ಮಾತುಗಳನ್ನು ನಾನು ಜೀವಮಾನವಿಡೀ ಹೇಳುತ್ತ ಬಂದಿದ್ದೇನೆ. ಅಂದು ಹೇಳಲು ಶಕ್ತಿ ಇರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ನನ್ನ ನೆನಪಿನ ಪರವಾಗಿ ಸಾಕ್ಷಿ ನುಡಿದದ್ದು ಒಂದು ಎಮ್ಮೆ ಮತ್ತು ನಾನು ನಂಬದ ಒಂದು ಶಾಸ್ತ್ರ. ಅವೆರಡನ್ನೂ ಅಲ್ಲಗಳೆದರೆ ಅಣ್ಣನ ಕಣ್ಣೂ ಹೋಗುತ್ತಿತ್ತು. ಅಂಗಿ ಹಾಕಿಕೋ ಎಂದೆ.

ಶಿರಸಿಯ ಆಸ್ಪತ್ರೆಯಲ್ಲಿ ಅವನನ್ನು ಹಸಿರು ಬಟ್ಟೆ ತೊಡಿಸಿ ಒಳಗೆ ಕರೆದುಕೊಂಡು ಹೋದರು. ಮೊದಲು ಬಲಗಣ್ಣು, ಎಡಗಣ್ಣಿಗೆ ಇನ್ನೊಂದು ದಿನ. ಅತ್ತಿಗೆ, ನಾನು ಹೊರಗಿನ ಬೆಂಚಿನಲ್ಲಿ ಕೂತೆವು. ಎದುರಿನ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಫಲಕವಿತ್ತು. ನನಗೆ ಕೊನೆಯ ಸಾಲು ಕಾಣಲಿಲ್ಲ.

"ಎರಡು ಸಲ ಎಣಿಸ್ದ, ನೋಡಿದ್ಯ?" ಎಂದಳು ಅತ್ತಿಗೆ, ನನ್ನ ಕಡೆ ತಿರುಗದೆ.

"ಯಾರು?"

"ನಿನ್ನಣ್ಣ. ಮೊದಲನೇ ಸಲ ಬೆರಳು ವೃಷಭದ ಮೇಲೆ ನಿಂತಿತ್ತು. ವೃಷಭಕ್ಕೆ ದಕ್ಷಿಣ. ಆಮೇಲೆ ಇನ್ನೊಂದು ಗೆಣ್ಣು ಮುಂದೆ ಹೋದ."

ನಾನು ನೆನಪಿಸಿಕೊಳ್ಳಲು ನೋಡಿದೆ. ನನಗೆ ಕಂಡದ್ದು ಒಂದೇ ಸಲದ ಎಣಿಕೆ, ತಡೆಯದೆ ನಡೆದ ಬೆರಳು. ಆದರೆ ನನಗೆ ಮಲ್ಲಿಗೆಯೂ ಕಂಡಿತ್ತು.

"ಎಣಿಕೆ ತಪ್ಪಿದ್ದು ನೋಡಿಕ್ಕೆ ಸರಿ ಮಾಡ್ಕಂಡಿದ್ದಿರಲಕ್ಕು," ಎಂದೆ.

"ಇರಲಕ್ಕು. ಅವಂಗೂ ಹೆದರಿಕೆ ಇತ್ತು ಮಾರಾಯ. ಕಣ್ಣಿಗೆ ಚೂರಿ ಹಾಕ್ತ ಅಂದ್ರೆ ಯಾರಿಗಿರ್ತಿಲ್ಲೆ? ಕಣ್ಣು ಬೇಕು ಹೇಳೂ ಇತ್ತು."

ಏಪ್ರಿಲ್ ಕೊನೆಯ ದಿನಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಪೂರ್ವದಲ್ಲಿ ಏಳುವ ರಾಶಿ ಯಾವುದೆಂದು ಲೆಕ್ಕ ಮಾಡುವುದು ಕಷ್ಟವಲ್ಲ. ಅದು ಶಾಸ್ತ್ರವಲ್ಲ, ಬರಿಯ ಗಣಿತ. ಸೂರ್ಯೋದಯದ ವೇಳೆ ಗೊತ್ತಿದ್ದರೆ ಒಂದು ಕಾಗದದ ಚೂರು ಸಾಕು. ನನ್ನ ಹುಡುಗರಿಗೆ ಇಂಥ ಲೆಕ್ಕ ಕೊಟ್ಟಿದ್ದೇನೆ. ಅಂಗಿಯ ಕಿಸೆಯಲ್ಲಿ ಪೆನ್ನಿತ್ತು, ಕೈಯಲ್ಲಿ ಆಸ್ಪತ್ರೆಯವರು ಔಷಧ ಬರೆದುಕೊಟ್ಟ ಚೀಟಿಯ ಬೆನ್ನು ಖಾಲಿ ಇತ್ತು.

ಒಳಗಿನ ಬಾಗಿಲು ತೆರೆದು ನರ್ಸು ಅಣ್ಣನ ಮನೆಯವರನ್ನು ಕರೆದಳು. ಅತ್ತಿಗೆ ಎದ್ದಳು. ನಾನು ಏನೂ ಬರೆಯದೆ ಚೀಟಿಯನ್ನು ಮಡಚಿ, ಔಷಧ ತರಲು ಕೆಳಗಿಳಿದೆ.